ರೊಟ್ಟಿ ಗುಂಪಿನ ಮಹಾ ಮಾರಾಟ

ಊರೆಲ್ಲ ಒಂದು ಸುದ್ದಿಗೆ ಕುಣಿಯುತ್ತಿರುವಾಗ ಇನ್ನೊಂದು ಸುದ್ದಿ ಹಿಡಿದುಕೊಂಡು ಕೆಡುವುದಕ್ಕೂ ಒಂದು ಯೋಗ್ಯತೆ ಬೇಕು. ನಮ್ಮ ಪಕ್ಕದ ಮನೆಯ ಹನುಮಂತ ಗಬ್ಬೂರರಿಗೆ ಆ ಯೋಗ್ಯತೆ ಹುಟ್ಟಿನಿಂದಲೇ ಇತ್ತು. 2014ರ ಫೆಬ್ರುವರಿಯ ಆ ವಾರ ದಿಲ್ಲಿಯಲ್ಲಿ ತೆಲಂಗಾಣ ಮಸೂದೆ ಪಾಸಾಗಿ ಹೈದರಾಬಾದಿನ ಬೀದಿಬೀದಿಯಲ್ಲಿ ಗುಲಾಲು, ಡೋಲು, ಪಟಾಕಿ. ನಾರಾಯಣಗೂಡದ ನಮ್ಮ ಗಲ್ಲಿಯಲ್ಲಿ ಕೋಚಿಂಗ್ ಸೆಂಟರಿನ ಹುಡುಗರು ಪಾಠ ಬಿಟ್ಟು ರಸ್ತೆಗಿಳಿದಿದ್ದರು. ಗಬ್ಬೂರರು ಮಾತ್ರ ಬಾಲ್ಕನಿಯಲ್ಲಿ ಕುಳಿತು ಪೇಪರಿನ ಒಳಪುಟ ಓದುತ್ತಿದ್ದರು. ಫೇಸ್‌ಬುಕ್ ಕಂಪನಿ ವಾಟ್ಸಾಪ್ ಕಂಪನಿಯನ್ನು ಹತ್ತೊಂಬತ್ತು ಶತಕೋಟಿ ಡಾಲರಿಗೆ ಕೊಂಡಿತೆಂಬ ಸುದ್ದಿ ಅಲ್ಲಿತ್ತು.

"ಸಾಹೇಬ್ರ, ಬರ್ರಿ ಇಲ್ಲೆ!" ಎಂದು ನನ್ನನ್ನು ಕೂಗಿದರು. ನಾನು ಹೋದೆ. ಹೋಗಬಾರದಿತ್ತು.

"ನೋಡ್ರಿ ಇದನ್ನ. ಆ ಕಂಪನಿಗೆ ಕಾರ್ಖಾನಿ ಇಲ್ಲ, ಮಷೀನ್ ಇಲ್ಲ. ಕೆಲಸದವ್ರು ನಮ್ಮ ಒಂದು ಶೆಡ್ಡಿನಷ್ಟೂ ಇಲ್ಲ. ಮತ್ತ ಇಷ್ಟು ರೊಕ್ಕ ಯಾತಕ್ಕ ಕೊಟ್ಟಾರ ಹೇಳ್ರಿ ನೋಡೋಣು?"

"ಯಾತಕ್ಕೆ?"

"ಮಂದಿಗೆ! ಅದರಾಗ ಇರೋ ಮಂದಿಗೆ ಕೊಟ್ಟಾರ. ನಲವತ್ತೈದು ಕೋಟಿ ಮಂದಿ. ಭಾಗಾಕಾರ ಮಾಡಿ ನೋಡೀನಿ, ಒಂದು ತಲಿಗೆ ಎರಡೂವರಿ ಸಾವಿರದ ಮ್ಯಾಲ ಬೀಳ್ತೈತಿ. ನಿಮ್ಮ ತಲಿಗೂ ಅಷ್ಟ, ನನ್ನ ತಲಿಗೂ ಅಷ್ಟ."

ನನ್ನ ತಲೆಗೆ ಅದುವರೆಗೆ ಯಾರೂ ಬೆಲೆ ಕಟ್ಟಿರಲಿಲ್ಲ. ಮನೆಗೆ ಬಂದು ನನ್ನ ಹೆಂಡತಿ ವನಜಾಗೆ ಹೇಳಿದೆ. "ಅಷ್ಟು ಕೊಟ್ಟರೆ ತಲೆ ಬೇಗ ಕೊಟ್ಟುಬಿಡಿ" ಎಂದಳು.

ಗಬ್ಬೂರರು ಯಾಕೆ ಭಾಗಾಕಾರಕ್ಕೆ ಕೂತರೆಂದು ತಿಳಿಯಬೇಕಾದರೆ ರೊಟ್ಟಿ ಗುಂಪಿನ ವಿಷಯ ಹೇಳಬೇಕು. ಗಬ್ಬೂರರ ಹೆಂಡತಿ ಶಾಮಲಾ ವೈನಿ ಜೋಳದ ರೊಟ್ಟಿ ಬಡಿದು ಮಾರುತ್ತಾರೆ. ನಾನು ಮಂಡ್ಯದ ಕಡೆಯವನು, ಮುದ್ದೆ ತಿಂದು ಬೆಳೆದವನು. ಆದರೂ ಹೇಳುತ್ತೇನೆ, ಆ ರೊಟ್ಟಿ, ಆ ಎಣ್ಣೆಗಾಯಿ, ಆ ಶೇಂಗಾ ಚಟ್ನಿ ತಿಂದವನು ನಾರಾಯಣಗೂಡ ಬಿಟ್ಟು ಬೇರೆ ಕಡೆ ಮನೆ ಹುಡುಕುವುದಿಲ್ಲ. ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಅವರ ಮಗಳು ಸಂಪದಾ ಒಂದು ದಿನ ಕುಳಿತು, ರೊಟ್ಟಿ ಕೊಳ್ಳುವವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದಳು. ಹೆಸರು 'ಶಾಮಲಾ ರೊಟ್ಟಿ'. ಬೆಳಿಗ್ಗೆ ವೈನಿ "ಇವತ್ತು ಮೆಂತ್ಯಪಲ್ಯ, ಝುಣಕ" ಎಂದು ಹಾಕುತ್ತಿದ್ದರು. ನಾವು "ನನಗೆ ಆರು", "ನನಗೆ ಹತ್ತು" ಎಂದು ಬರೆಯುತ್ತಿದ್ದೆವು. ಸಂಜೆ ಬಿಸಿ ರೊಟ್ಟಿ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಆ ಆ್ಯಪನ್ನು ಪ್ರಪಂಚದಲ್ಲಿ ಯಾರೂ ಬಳಸಿದ್ದು ನನಗೆ ಗೊತ್ತಿಲ್ಲ.

ಆಗ ಒಂದು ಗುಂಪಿಗೆ ಐವತ್ತೇ ಜನ. ಗುಂಪು ಯಾವಾಗಲೂ ತುಂಬಿಯೇ ಇರುತ್ತಿತ್ತು. ಮೇಲಿನ ಮಹಡಿಯ ಸುಮತಿಬಾಯಿ ಒಂದು ಜಾಗಕ್ಕಾಗಿ ಎಷ್ಟೋ ತಿಂಗಳಿಂದ ಪಾಳಿಯಲ್ಲಿದ್ದರು. ಆಗ ಒಂದು ಗುಂಪಿಗೆ ಒಬ್ಬನೇ ಅಡ್ಮಿನ್ ಕೂಡ. ಸಂಪದಾ ಗುಂಪು ಮಾಡಿದ ದಿನ ಅಮ್ಮನ ಫೋನು ಚಾರ್ಜಿಗಿತ್ತು, ಅಪ್ಪನ ಫೋನು ಕೈಗೆ ಸಿಕ್ಕಿತು. ಹೀಗೆ ಗಬ್ಬೂರರು ಅಡ್ಮಿನ್ ಆದರು. ಅವರು ಮಾಡಿದ ಒಟ್ಟು ಸಾಧನೆ ಇಷ್ಟು. ಅದೂ ಎಂಥ ಅಡ್ಮಿನ್! ನಾವಿಬ್ಬರೂ ಕೆಲಸ ಮಾಡುವುದು ಬಾಲಾನಗರದ ಒಂದು ಸರ್ಕಾರಿ ಕಾರ್ಖಾನೆಯಲ್ಲಿ. ವಿಮಾನದ ಒಳಗಿನ ಯಂತ್ರಗಳ ಕೆಲಸ, ಒಳಗೆ ಫೋನು ಬಿಡುವುದಿಲ್ಲ. ಗೇಟಿನಲ್ಲಿ ಫೋನು ಒಪ್ಪಿಸಿ ಒಳಗೆ ಹೋದರೆ ಸಂಜೆಯವರೆಗೆ ತಮ್ಮ ಗುಂಪಿನಲ್ಲಿ ಏನಾಯಿತೆಂದು ಈ ಅಡ್ಮಿನ್ನಿಗೆ ಗೊತ್ತೇ ಆಗುತ್ತಿರಲಿಲ್ಲ.

ಸುದ್ದಿ ಓದಿದ ದಿನವೇ ಗುಂಪಿನ ಹೆಸರು ಬದಲಾಯಿತು. 'ಭಾಗ್ಯನಗರ ಕನ್ನಡ ಮಹಾಮಂಡಳ' ಎಂದಾಯಿತು. ಅದರ ಕೆಳಗೆ ಒಂದು ಪ್ರಕಟಣೆ ಬಂತು. "ಅಂತರರಾಷ್ಟ್ರೀಯ ಮಟ್ಟದಲ್ಲಿ ನಡೆದ ವ್ಯವಹಾರದ ಹಿನ್ನೆಲೆಯಲ್ಲಿ ನಮ್ಮ ಗುಂಪಿನ ಮೌಲ್ಯಮಾಪನ ಪ್ರಗತಿಯಲ್ಲಿದೆ. ಮಾತುಕತೆ ಮುಗಿಯುವವರೆಗೆ ಯಾವ ಸದಸ್ಯರೂ ಗುಂಪು ತೊರೆಯಬಾರದು. ಇಂತಿ, ಸಂಸ್ಥಾಪಕರು." ಇದರ ಕೆಳಗೆ ಯಾರೋ "ನನಗೆ ಎಂಟು, ಜೊತೆಗೆ ಹಸಿಮೆಣಸಿನಕಾಯಿ ಖಾರ" ಎಂದು ಬರೆದಿದ್ದರು.

ಆದರೆ ಕೆಲವರು ಪ್ರಕಟಣೆಯನ್ನು ನಿಜವಾಗಿಯೂ ಓದಿದರು. ಅವರಲ್ಲಿ ಮುಖ್ಯರು ಗುರುಸಿದ್ದಪ್ಪ, ನಮ್ಮ ಕಾರ್ಖಾನೆಯ ಎಸ್ಟಾಬ್ಲಿಷ್‌ಮೆಂಟ್ ವಿಭಾಗದಲ್ಲಿ ಇಡೀ ಆಯುಷ್ಯ ಆರ್ಡರುಗಳನ್ನು ಬರೆದು ಸವೆದವರು. ಮರುದಿನ ಕಾರ್ಖಾನೆಯ ಬಸ್ಸು ಅಮೀರಪೇಟೆ ದಾಟುವುದರೊಳಗೆ ಅವರು ಹಿಂದಿನ ಸೀಟಿನವರೆಗೆ ಸುದ್ದಿ ಮುಟ್ಟಿಸಿದ್ದರು.

"ಗಬ್ಬೂರನ ಗುಂಪು ಅಮೆರಿಕಾದವ್ರು ತೊಗೊಳ್ಳಾಕತ್ತಾರಂತ. ತಲಿಗೆ ಇಷ್ಟು ಅಂತ ರೇಟ್ ಆಗೇತಂತ."

"ಖರೇನs?"

"ಸಂಸ್ಥಾಪಕರು ಅಂತ ಸಹಿ ಮಾಡ್ಯಾನ್ರಿ. ಸುಳ್ಳ ಯಾಕ ಮಾಡ್ತಾನ?"

ಗಬ್ಬೂರರು ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದರು. ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ, ಸುಮ್ಮನೆ ನಕ್ಕರು. ಸುಳ್ಳು ಹೇಳದೆ ಸುಳ್ಳನ್ನು ಸಾಕುವ ವಿದ್ಯೆಯಲ್ಲಿ ಅವರನ್ನು ಮೀರಿಸುವವರಿಲ್ಲ.

ಸಂಜೆ ಮೆಟ್ಟಿಲ ಮೇಲೆ ಸುಮತಿಬಾಯಿ ಅಡ್ಡ ನಿಂತರು. "ಅಣ್ಣಾರ, ಮಾರೂದಕ್ಕಿಂತ ಮೊದ್ಲ ನನ್ನ ಒಂದು ಸೇರಿಸಿಬಿಡ್ರಿ. ನನಗೂ ಒಂದು ರೇಟ್ ಬರ್ಲಿ." ರಾಯಚೂರಿನಿಂದ ಗಬ್ಬೂರರ ಸೋದರಮಾವ ಫೋನು ಮಾಡಿದರು. ಹತ್ತು ವರ್ಷದಿಂದ ಸತ್ತಿದ್ದಾರೋ ಇದ್ದಾರೋ ಎಂದು ಕೇಳದ ಮನುಷ್ಯ, ಹೊಲದ ಪಾಲಿನಲ್ಲಿ ತಾನು ಬಿಟ್ಟುಕೊಟ್ಟದ್ದನ್ನೆಲ್ಲ ನೆನಪಿಸಿ ಕೊನೆಗೆ ಕಣ್ಣೀರು ಹಾಕಿದರು. ಗುಂಪಿನಲ್ಲಿದ್ದ ಒಬ್ಬ ಬ್ಯಾಂಕಿನವರು ತಮ್ಮ ತಲೆಯ ದುಡ್ಡು ತಮಗೇ ಬರಬೇಕೋ ಅಡ್ಮಿನ್ನಿಗೋ ಎಂದು ತಕರಾರು ತೆಗೆದರು. ಆ ಮಧ್ಯೆ ವೈನಿ "ಯಾರಿಗೆ ಎಷ್ಟು ರೊಟ್ಟಿ, ಲಗೂನ ಹೇಳ್ರಿ" ಎಂದು ಹಾಕಿದ ಸಂದೇಶ ಕಳೆದೇಹೋಯಿತು. ಅವತ್ತು ಅರ್ಧ ಹಿಟ್ಟು ಹಾಗೇ ಉಳಿಯಿತು.

ಸುದ್ದಿ ಬಸ್ಸಿನಲ್ಲಿ ಹೊರಟರೆ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುತ್ತದೆಯೇ? ಒಂದು ದಿನ ಗಬ್ಬೂರರಿಗೆ ಪರ್ಸನೆಲ್ ವಿಭಾಗದಿಂದ ಕರೆ ಬಂತು. ಪಕ್ಕದ ಮನೆಯವನೆಂದು ನನ್ನನ್ನೂ ಕರೆಸಿದರು. ಅಧಿಕಾರಿ ತೆಲುಗಿನವರು, ಬಿಗಿ ಮನುಷ್ಯ. ಎದುರಿಗೆ ಹೊಸ ಫೈಲು, ಅದರ ಮೇಲೆ ಗಬ್ಬೂರರ ಹೆಸರು.

"ಏಮಂಡಿ ಗಬ್ಬೂರ್ ಗಾರೂ," ಎಂದು ತೆಲುಗಿನಲ್ಲಿ ಶುರುಮಾಡಿ, ಬೆಂಗಳೂರಿನಲ್ಲಿ ಕೆಲಸ ಮಾಡಿದವರಾದ್ದರಿಂದ ಕನ್ನಡಕ್ಕೆ ಇಳಿದರು. "ನೀವು ರಕ್ಷಣೆಗೆ ಸಂಬಂಧಪಟ್ಟ ಕಾರ್ಖಾನೆಯ ನೌಕರರು. ಅಮೆರಿಕದ ಕಂಪನಿಗೆ ಏನು ಮಾರಿದಿರಿ?"

ಗಬ್ಬೂರರು ಎದ್ದು ನಿಂತರು. "ಇನ್ನಾ ಮಾರಿಲ್ಲ ಸಾರ್. ಮಾತುಕತಿ ನಡದೈತಿ."

"ಏನನ್ನು ಮಾರುವ ಮಾತುಕತೆ?"

"ಮಂದಿ ಸಾರ್."

ಅಧಿಕಾರಿಯ ಪೆನ್ನು ನಿಂತಿತು. "ಯಾವ ಮಂದಿ?"

"ಐವತ್ತು ಮಂದಿ ಅದಾರ ಸಾರ್. ಎಲ್ಲಾ ಕನ್ನಡದವ್ರು. ಛಲೋ ಮನಿತನದವ್ರು."

"ಮನುಷ್ಯರನ್ನು ಮಾರುತ್ತೀರಾ?"

"ಹೆಣ್ಣುಮಕ್ಕಳೂ ಅದಾರ ಸಾರ್," ಎಂದು ಗಬ್ಬೂರರು ಹೆಮ್ಮೆಯಿಂದ ಸೇರಿಸಿದರು.

ಅಧಿಕಾರಿ ಗಂಟೆ ಒತ್ತುವ ಮೊದಲು ನಾನು ಮಧ್ಯೆ ಬಾಯಿ ಹಾಕಿದೆ. ವಾಟ್ಸಾಪ್, ಗುಂಪು, ರೊಟ್ಟಿ, ಎಣ್ಣೆಗಾಯಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಧಿಕಾರಿಯ ಮುಖ ನಿಧಾನವಾಗಿ ಸಡಿಲಾಯಿತು.

"ಜೊನ್ನರೊಟ್ಟೆನಾ? ನಮ್ಮಮ್ಮ ಮಾಡುತ್ತಿದ್ದರು. ಪುಂಡಿಪಲ್ಯ ಇರುತ್ತದಾ?"

"ಸೋಮವಾರಕ್ಕೊಮ್ಮೆ ಇರುತ್ತದೆ ಸಾರ್," ಎಂದೆ.

"ನನ್ನನ್ನೂ ಹಾಕಿಕೊಳ್ಳಿ."

ಬೇರೆ ಯಾರಾದರೂ ಆಗಿದ್ದರೆ ಸರ್ಕಾರಕ್ಕೆ ಕೈಮುಗಿದು, ಅಂದೇ ಸಂಜೆ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಕೊಡುತ್ತಿದ್ದರು. ಗಬ್ಬೂರರು ಗಂಟಲು ಸರಿಮಾಡಿಕೊಂಡು, "ಜಾಗಾ ಇಲ್ಲ ಸಾರ್. ಗಿರಾಕಿ ಬಂದಾಗ ನೋಡೋಣು" ಎಂದರು.

"ಹಾಗಾದರೆ ಫೈಲು ತೆರೆದೇ ಇರಲಿ," ಎಂದರು ಅಧಿಕಾರಿ. ಹೊರಗೆ ಬಂದು ಗಬ್ಬೂರರು ನನ್ನ ಭುಜ ತಟ್ಟಿದರು. "ನೋಡಿದ್ರಿ? ಡಿಮ್ಯಾಂಡ್ ಹೆಂಗ ಏರಾಕತ್ತೈತಿ!"

ಡಿಮ್ಯಾಂಡ್ ಏರಿತು ನಿಜ. ಏರಿಸಿದವರು ಅಂಬಾದಾಸ ಚಿಂಚೋಳಿ. ಶಾದ್‌ನಗರದಾಚೆ ಹೊಲ ಕೊಂಡು, ಕಲ್ಲು ನೆಟ್ಟು, ಕಮಾನು ಕಟ್ಟಿ, ಪ್ಲಾಟು ಮಾಡಿ ಮಾರುವುದಕ್ಕೆ ಹೈದರಾಬಾದಿನಲ್ಲಿ 'ವೆಂಚರ್' ಎನ್ನುತ್ತಾರೆ. ಅಂಬಾದಾಸರದು ಅಂಥ ಮೂರು ವೆಂಚರು. ಮೂರರಲ್ಲೂ ಕಮಾನು ಮಾತ್ರ ಪೂರ್ತಿಯಾಗಿತ್ತು. ಸಂಬಳ, ಪೆನ್ಷನ್ನು ಸರಿಯಾಗಿ ಬರುವ ಐವತ್ತು ಸಂಸಾರಗಳು ಒಂದೇ ಕಡೆ ಬಾಯಿ ತೆರೆದು ಕುಳಿತಿವೆಯೆಂದು ಗುರುಸಿದ್ದಪ್ಪನಿಂದ ಕೇಳಿದ್ದೇ, ಒಂದು ಬುಟ್ಟಿ ಹಣ್ಣು ಹಿಡಿದುಕೊಂಡು ಗಬ್ಬೂರರ ಮನೆಗೆ ಬಂದರು. ಗುರುಸಿದ್ದಪ್ಪ ಮಧ್ಯಸ್ತಿಕೆಗೆ ಬಂದರು. ನನ್ನನ್ನು ಯಾರೂ ಕರೆದಿರಲಿಲ್ಲ. ಬಾಗಿಲು ತೆರೆದಿತ್ತು, ಹೋಗಿ ಕುಳಿತೆ.

"ಗಬ್ಬೂರ ಸಾಹೇಬ್ರ, ನಾ ಸಣ್ಣ ಮಾತು ಆಡೂದಿಲ್ಲ," ಎಂದರು ಅಂಬಾದಾಸ. "ಅಮೆರಿಕಾದವ್ರು ಬರೂತನಾ ಕಾಯಬ್ಯಾಡ್ರಿ. ಅವ್ರು ದೂರದವ್ರು, ನಾ ನಿಮ್ಮ ಊರಾಂವ. ನಮ್ಮ ವೆಂಚರಿನ್ಯಾಗ ಈಶಾನ್ಯ ಮೂಲಿ ಪ್ಲಾಟು ನಿಮಗ ಅರ್ಧಾ ರೇಟಿಗೆ. ಮತ್ತ ನಿಮ್ಮನ್ನ ಗೌರವಾಧ್ಯಕ್ಷರು ಅಂತ ಮಾಡ್ತೀನಿ. ಆಜೀವ!"

"ಆಜೀವ" ಎಂಬ ಮಾತು ಬಿದ್ದ ಕೂಡಲೇ ಗಬ್ಬೂರರ ಬೆನ್ನು ನೆಟ್ಟಗಾಯಿತು. ಆ ಈಶಾನ್ಯ ಮೂಲೆಯನ್ನು ಅಂಬಾದಾಸರು ಅದಾಗಲೇ ನಮ್ಮ ಬಸ್ಸಿನ ಇಬ್ಬರಿಗೆ ತೋರಿಸಿದ್ದರು. ನಾನು ಕೆಮ್ಮಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಒಂದs ಶರತ್ತು," ಎಂದರು ಅಂಬಾದಾಸ. "ಗುಂಪು ನನ್ನ ಕೈಗೆ ಬಂದ ಮ್ಯಾಲ ಈ ರೊಟ್ಟಿ ಗಿಟ್ಟಿ ಎಲ್ಲಾ ಬಂದ್. ನನ್ನ ವೆಂಚರಿನ ಫೋಟೋದ ನಡುವ ಬದನಿಕಾಯಿ ಪಲ್ಯ ಬಂದ್ರ ಪಾರ್ಟಿ ಓಡಿ ಹೋಗ್ತಾರ. ಸ್ಟ್ಯಾಂಡರ್ಡ್ ಇರ್ಬೇಕು."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಆತು," ಎಂದರು ಗಬ್ಬೂರರು.

ಅಷ್ಟಕ್ಕೇ ಮುಗಿಯಲಿಲ್ಲ. ಕೊಳ್ಳುವವನು ಮೊದಲು ಗುಂಪಿನ ಒಳಗೆ ಬರಬೇಕು, ಗುಂಪಿನಲ್ಲಿ ಜಾಗವಿಲ್ಲ. ಒಬ್ಬರನ್ನು ತೆಗೆಯಬೇಕು. ಗಬ್ಬೂರರು ಫೋನಿನಲ್ಲಿ ಬೆರಳಾಡಿಸುತ್ತ ಕೆಳಗಿಳಿದರು, ಮೇಲೇರಿದರು, ಕೊನೆಗೆ ನನ್ನ ಮುಖ ನೋಡಿದರು. ಮರುಕ್ಷಣ ನನ್ನ ಜೇಬಿನಲ್ಲಿ ಫೋನು ಸದ್ದುಮಾಡಿತು. ನನ್ನನ್ನೇ ತೆಗೆದಿದ್ದರು!

"ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ. ನೀವು ಪಕ್ಕದ ಮನಿಯವ್ರು. ಕೂಗಿದ್ರ ಕೇಳಸ್ತೈತಿ."

ನಾನು ಆ ಮನುಷ್ಯನನ್ನು ನಿಷ್ಪಕ್ಷಪಾತವಾಗಿ ವರ್ಣಿಸುತ್ತಿಲ್ಲ ಎಂದು ಯಾರಿಗಾದರೂ ಅನಿಸಿದ್ದರೆ, ಕಾರಣ ಇದು.

ಅಂಬಾದಾಸರು ಹೋದ ಮೇಲೆ ಶಾಮಲಾ ವೈನಿ ಹೊರಗೆ ಬಂದರು. ಕೈಯೆಲ್ಲ ಹಿಟ್ಟು. ನಾನು ಏಳಬೇಕೆಂದಿದ್ದೆ, ಆದರೆ ಏಳಲಿಲ್ಲ.

"ಏನ್ರಿ, ನೀವು ಮಾರಿದ್ದು ಏನು?"

"ಗುಂಪು."

"ಆ ಗುಂಪು ಕೂಡಿದ್ದು ಯಾತಕ್ಕ? ನಿಮ್ಮ ಮಾರಿ ನೋಡಿ ಕೂಡೇತೇನು?"

"ಏ, ನಿನಗ ಇದೆಲ್ಲಾ ತಿಳಿಯೂದಿಲ್ಲ. ಜಗತ್ತಿನ್ಯಾಗ ಈಗ ಸಾಮಾನಿಗೆ ಕಿಮ್ಮತ್ತಿಲ್ಲ. ಮಂದಿಗೆ ಕಿಮ್ಮತ್ತು. ರೊಟ್ಟಿ ಯಾರು ಬೇಕಾದ್ರೂ ಬಡೀತಾರ."

ವೈನಿಯ ಕಣ್ಣು ತುಂಬಿತು. ನಾನು ಆ ಮನೆಯ ಪಕ್ಕದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಅವರು ಅತ್ತದ್ದನ್ನು ಅದೇ ಮೊದಲು ನೋಡಿದ್ದು. "ಮದುವಿ ಆಗಿ ಬಂದಾಗಿಂದ ಎಲ್ಲಾ ನಿಮ್ಮ ಹೆಸರಿಲೆ ನಡದೈತಿ. ಮನಿ ನಿಮ್ಮ ಹೆಸರಿಲೆ, ಗ್ಯಾಸ್ ನಿಮ್ಮ ಹೆಸರಿಲೆ, ಬಾಗಿಲದ ಮ್ಯಾಲಿನ ಬೋರ್ಡೂ ನಿಮ್ಮದs. ಈ ರೊಟ್ಟಿ ಒಂದು ನನ್ನ ಹೆಸರಿಲೆ ಇತ್ತು. ಹ್ವಾದ ದೀಪಾವಳಿಗೆ ಸಂಪದಾಗ ನಾನs ಸೀರಿ ತಂದೆ, ಯಾರನ್ನೂ ಕೇಳಲಿಲ್ಲ. ಅದು ನಿಮಗ ಕಾಣಸಲಿಲ್ಲೇನ್ರಿ?"

"ಅಡ್ಮಿನ್ ಯಾರು?" ಎಂದರು ಗಬ್ಬೂರರು. "ನಾನು. ಮುಗೀತು."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ವೈನಿಗೆ ಹೇಳಿದೆ, "ನೀವೇ ಬೇರೆ ಗುಂಪು ಮಾಡಿ. ಎಲ್ಲರ ನಂಬರೂ ಫೋನಿನಲ್ಲಿದೆ. ನಾವೆಲ್ಲ ಬರುತ್ತೇವೆ."

"ಯಾಕ ಮಾಡ್ಲಿ?" ಎಂದರು ವೈನಿ. "ನಾ ಕೂಡಿಸಿದ ಮಂದಿ ಬಿಟ್ಟು ನಾನs ಯಾಕ ಹೊರಗ ಹೋಗ್ಲಿ? ಹೋಗೂದಿದ್ರ ಅವರು ಹೋಗ್ಲಿ."

ಚಾರ್ಜ್ ಹಸ್ತಾಂತರ ಯುಗಾದಿಯ ಸಂಜೆ ಎಂದು ನಿಶ್ಚಯವಾಯಿತು. ಅಲ್ಲಿಯವರೆಗೆ ರೊಟ್ಟಿಯನ್ನು ಮುಂದುವರಿಸಲು ಅಂಬಾದಾಸರು ದೊಡ್ಡ ಮನಸ್ಸು ಮಾಡಿದರು.

ಯುಗಾದಿಯ ಸಂಜೆ ನಮ್ಮ ಕಟ್ಟಡದ ತಾರಸಿಯ ಮೇಲೆ ಶಾಮಿಯಾನ ಬಿತ್ತು. ಒಂದು ಗೋಡೆಗೆ ಗೋಡೆಯಷ್ಟೇ ದೊಡ್ಡ ಫ್ಲೆಕ್ಸು. ಅದರಲ್ಲಿ ಅಂಬಾದಾಸರ ಕಮಾನು, ಕಮಾನಿನ ಮೇಲೆ ಗಬ್ಬೂರರ ಮುಖ, ಕೆಳಗೆ 'ಆಜೀವ ಗೌರವಾಧ್ಯಕ್ಷರು'. ಗುಂಪಿನವರೆಲ್ಲ ಮಕ್ಕಳು ಮರಿ ಸಮೇತ ಬಂದಿದ್ದರು. ತಮ್ಮ ತಲೆಯ ದುಡ್ಡು ಕವರಿನಲ್ಲಿ ಕೊಡುತ್ತಾರೆಂದು ನಂಬಿದವರು ಮುಂದಿನ ಸಾಲಿನಲ್ಲಿದ್ದರು. ಸುಮತಿಬಾಯಿಗೆ ಜಾಗ ಸಿಕ್ಕಿರಲಿಲ್ಲ, ಅದರ ಸಿಟ್ಟಿನಲ್ಲಿ ಎರಡು ಕುರ್ಚಿ ಹಿಡಿದಿದ್ದರು. ತಾರಸಿಯ ಮೂಲೆಯಲ್ಲಿ ಒಲೆ ಹೂಡಿ ಶಾಮಲಾ ವೈನಿ ರೊಟ್ಟಿ ಬಡಿಯುತ್ತಿದ್ದರು. ಬಂದವರಿಗೆ ಊಟ ಹಾಕಬೇಕಲ್ಲ, ಅದಕ್ಕೆ ಗೌರವಾಧ್ಯಕ್ಷರು ಹೆಂಡತಿಯ ಕೊನೆಯ ರೊಟ್ಟಿಗಳನ್ನೇ ಗೊತ್ತುಮಾಡಿದ್ದರು. ಲಜ್ಜೆ ಎನ್ನುವುದು ಕೆಲವರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ.

ಗುರುಸಿದ್ದಪ್ಪ ಒಂದು ಆರ್ಡರ್ ಟೈಪ್ ಮಾಡಿಸಿಕೊಂಡು ಬಂದಿದ್ದರು. ಎದ್ದು ನಿಂತು ಗಟ್ಟಿಯಾಗಿ ಓದಿದರು. "ಶ್ರೀ ಹನುಮಂತ ಗಬ್ಬೂರ ಇವರು ಈ ದಿನ ಅಪರಾಹ್ನ ಅಡ್ಮಿನ್ ಹುದ್ದೆಯ ಕರ್ತವ್ಯದಿಂದ ಬಿಡುಗಡೆ ಹೊಂದಿ, ಸದರಿ ಹುದ್ದೆಯ ಪ್ರಭಾರವನ್ನು ಶ್ರೀ ಅಂಬಾದಾಸ ಚಿಂಚೋಳಿ ಇವರಿಗೆ ವಹಿಸಿಕೊಡತಕ್ಕದ್ದು." ಚಪ್ಪಾಳೆ ಬಿತ್ತು. ಅಂಬಾದಾಸರು ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮ ಎದ್ದಿತು. ಯಾರು ಮೊದಲು? ಬಿಡುವವನು ಮೊದಲು ಬಿಡಬೇಕೋ, ಹಿಡಿಯುವವನು ಮೊದಲು ಹಿಡಿಯಬೇಕೋ? ಫೋನಿನಲ್ಲಿ ಅಡ್ಮಿನ್ ಪದವಿಯನ್ನು ಇನ್ನೊಬ್ಬರಿಗೆ ಕೊಡುವ ಗುಂಡಿ ಎಲ್ಲೂ ಕಾಣಿಸಲಿಲ್ಲ. ಗಬ್ಬೂರರು ಹುಡುಕಿ ಹುಡುಕಿ ಸಾಕಾದರು. ಆಗ ಗುರುಸಿದ್ದಪ್ಪ ಕೈಯೆತ್ತಿದರು.

"ಇದರಾಗ ಹುಡುಕೂದೇನೈತಿ? ಚಾರ್ಜ್ ಹೆಂಗ ಕೊಡ್ತಾರ? ಹಳೇ ಸಾಹೇಬ ಕುರ್ಚಿ ಬಿಟ್ಟು ಏಳಬೇಕು. ಆರ್ಡರಿನ್ಯಾಗ ಯಾರ ಹೆಸರೈತಿ, ಅವ್ರು ಕುಂಡ್ರತಾರ. ಮೂವತ್ತು ವರ್ಷ ಇದನ್ನs ಮಾಡೀನಿ, ಒಮ್ಮೆರ ತಪ್ಪೇತೇನು?"

ನಾವೆಲ್ಲ ಸರ್ಕಾರಿ ನೌಕರರು. ಯಾರಿಗೂ ಇದರಲ್ಲಿ ದೋಷ ಕಾಣಿಸಲಿಲ್ಲ. ಆರ್ಡರ್ ಓದಿದ ಮೇಲೆ ಕುರ್ಚಿ ಬೇರೆಯವರ ಹತ್ತಿರ ಹೋದದ್ದನ್ನು ನಾವು ಜನ್ಮದಲ್ಲಿ ಕಂಡವರಲ್ಲ. ಗಬ್ಬೂರರು ಶಾಲು ಸರಿಮಾಡಿಕೊಂಡು, ದೇವರನ್ನು ನೆನೆದು, ಎಲ್ಲರಿಗೂ ಕಾಣುವಂತೆ ಫೋನನ್ನು ಮೇಲೆತ್ತಿ, ಗುಂಪಿನಿಂದ ಹೊರಗೆ ಹೋಗುವ ಗುಂಡಿ ಒತ್ತಿದರು. ಇಡೀ ತಾರಸಿ ಟಿಣ್ ಎಂದಿತು. ಗಬ್ಬೂರರು ಗುಂಪು ತೊರೆದಿದ್ದಾರೆ ಎಂದು ಎಲ್ಲರ ಫೋನಿಗೂ ಬಂತು.

ಅಂಬಾದಾಸರು ತಮ್ಮ ಫೋನನ್ನು ಅಂಗೈಯಲ್ಲಿ ಹಿಡಿದು ನಗುತ್ತ ಕಾದರು. ಫೋಟೋದವನು ಕ್ಯಾಮೆರಾ ಎತ್ತಿಕೊಂಡು ಕಾದ. ಅವರ ಫೋನಿಗೆ ಅದರ ಮೇಲೆ ಏನೂ ಬರಲಿಲ್ಲ. ನಗು ನಿಧಾನವಾಗಿ ಇಳಿಯತೊಡಗಿತು.

"ಬಂತೇನ್ರಿ?" ಎಂದರು ಗಬ್ಬೂರರು.

"ಬರ್ತೈತಿ, ತಡೀರಿ. ನೆಟ್ ಸ್ಲೋ ಐತಿ."

ತಾರಸಿಯ ಮೂಲೆಯಲ್ಲಿ, ಹಿಟ್ಟಿನ ಪರಾತದ ಪಕ್ಕದಲ್ಲಿ, ಮಗಳು ಅಮ್ಮನಿಗೆ ಕೊಟ್ಟ ಹಳೆಯ ಫೋನು ಇನ್ನೊಮ್ಮೆ ಟಿಣ್ ಎಂದಿತು.

ಅಡ್ಮಿನ್ ಬಿಟ್ಟುಹೋದರೆ ಆ ಆ್ಯಪು ಉಳಿದವರಲ್ಲಿ ಒಬ್ಬರನ್ನು ತಾನೇ ಆರಿಸಿಕೊಂಡು ಅಡ್ಮಿನ್ ಮಾಡುತ್ತದೆ. ಮೊದಲು ಸೇರಿದವರನ್ನೋ, ಸುಮ್ಮನೆ ಕೈಗೆ ಸಿಕ್ಕವರನ್ನೋ, ನನಗೆ ತಿಳಿಯದು. ಗುರುಸಿದ್ದಪ್ಪನವರ ಆರ್ಡರಿನ ಪ್ರತಿಯನ್ನು ಅದಕ್ಕೆ ಯಾರೂ ಕಳಿಸಿರಲಿಲ್ಲ. ಗುರುಸಿದ್ದಪ್ಪ ಕನ್ನಡಕ ಹಾಕಿಕೊಂಡು ಗುಂಪಿನ ಹೆಸರುಗಳನ್ನು ಮೇಲಿಂದ ಕೆಳಗೆ ನೋಡುತ್ತ ಹೋದರು. ಒಂದು ಹೆಸರಿನ ಬಳಿ ನಿಂತರು.

"ಏನಾತು? ಯಾರ ಹೆಸರೈತಿ?" ಎಂದರು ಗಬ್ಬೂರರು.

ಗುರುಸಿದ್ದಪ್ಪ ಕನ್ನಡಕ ತೆಗೆದರು. ಬೆರಳೆತ್ತಿ ಒಲೆಯ ಕಡೆ ತೋರಿಸಿದರು.

ತಾರಸಿಯ ಮೇಲಿದ್ದವರೆಲ್ಲ ಆ ಕಡೆ ತಿರುಗಿದರು. ಅಂಬಾದಾಸರು ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು, ಬಾಯಿಗೆ ಬೆಲ್ಲ ಹಚ್ಚಿಕೊಂಡು ಒಲೆಯ ಹತ್ತಿರ ಹೋದರು. "ವೈನಿ, ಸಣ್ಣದೊಂದು ಗಡಬಡ ಆಗೇತಿ. ನಿಮ್ಮ ಫೋನು ಒಂದೀಟು ಕೊಡ್ರಲ್ಲ. ನೀವು ಬ್ಯಾರೆ ಏನೂ ಮಾಡೂದು ಬ್ಯಾಡ, ನಾ ಒತ್ತಿಕೊಳ್ತೀನಿ."

"ಇರ್ರಿ," ಎಂದರು ವೈನಿ. "ರೊಟ್ಟಿ ಹಂಚಿನ ಮ್ಯಾಲ ಐತಿ."

ಅಷ್ಟೂ ಜನ ಆ ರೊಟ್ಟಿ ಬೇಯುವುದನ್ನು ನೋಡುತ್ತ ನಿಂತೆವು. ವೈನಿ ಅದರ ಮೇಲೆ ನೀರು ಸವರಿದರು, ತಿರುವಿದರು, ಬಟ್ಟೆಯಿಂದ ಒತ್ತಿದರು, ಉಬ್ಬಿಸಿದರು, ತೆಗೆದು ಬುಟ್ಟಿಗೆ ಹಾಕಿದರು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತಿಕೊಂಡರು. ಕನ್ನಡಕ ಇರಲಿಲ್ಲ, ಫೋನನ್ನು ದೂರ ಹಿಡಿದು ಒಂದು ಕಡೆ ಒತ್ತಿದರು. ತಾರಸಿ ಟಿಣ್ ಎಂದಿತು. ಶಾಮಲಾ ಅವರು ಅಂಬಾದಾಸ ಚಿಂಚೋಳಿಯವರನ್ನು ತೆಗೆದುಹಾಕಿದ್ದಾರೆ. ಇನ್ನೊಂದು ಕಡೆ ಒತ್ತಿದರು. ಟಿಣ್. 'ಭಾಗ್ಯನಗರ ಕನ್ನಡ ಮಹಾಮಂಡಳ' ಹೋಯಿತು. 'ಶಾಮಲಾ ರೊಟ್ಟಿ' ಬಂತು.

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅದು ನಾನೇ.

ಅಂಬಾದಾಸರು ಬೆಲ್ಲವನ್ನು ಒರೆಸಿಹಾಕಿದರು. "ಇದು ಮೋಸ ಐತಿ! ಗಬ್ಬೂರ, ನಿನ್ನ ಪ್ಲಾಟು ಕ್ಯಾನ್ಸಲ್!" ಎಂದು ಕೂಗಿ, ಗಬ್ಬೂರರ ಹೆಗಲ ಮೇಲಿನ ಶಾಲು ಎಳೆದುಕೊಂಡು, ತೆಂಗಿನಕಾಯಿಯನ್ನೂ ಕಿತ್ತುಕೊಂಡು ಮೆಟ್ಟಿಲಿಳಿದರು. ತಲೆಯ ದುಡ್ಡಿಗೆ ಬಂದವರು ಬಂದದ್ದಕ್ಕಾದರೂ ಊಟ ಆಗಲಿ ಎಂದು ತಟ್ಟೆ ಹಿಡಿದು ಒಲೆಯ ಕಡೆ ಸಾಲು ನಿಂತರು. ಗುರುಸಿದ್ದಪ್ಪ ಆರ್ಡರನ್ನು ಮಡಚಿ ಜೇಬಿಗಿಟ್ಟುಕೊಂಡು ಮೊದಲನೆಯವರಾಗಿ ನಿಂತಿದ್ದರು.

ಶಾಮಿಯಾನದ ಕೆಳಗೆ ಗಬ್ಬೂರರೊಬ್ಬರೇ ಉಳಿದರು. ಹಿಂದೆ ಗೋಡೆಯ ಮೇಲೆ ಅವರದೇ ಮುಖ ನಗುತ್ತಿತ್ತು. ಕೆಳಗಿನ ಮುಖಕ್ಕೆ ಅದು ಸಾಧ್ಯವಾಗಲಿಲ್ಲ. ಕೊನೆಗೆ ಒಲೆಯ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಆದದ್ದು ಆತು ಬಿಡು. ನನ್ನ ಒಂದು ಒಳಗ ಸೇರಿಸಿಬಿಡು."

ವೈನಿ ಫೋನು ನೋಡಿದರು. ಎರಡು ಜಾಗ ಖಾಲಿಯಿದ್ದವು. ತಲೆಯೆತ್ತಿ, "ಸುಮತಿಬಾಯಿ, ನಿಮ್ಮ ನಂಬರ್ ಹೇಳ್ರಿ" ಎಂದರು. ಸುಮತಿಬಾಯಿ ಎರಡೂ ಕುರ್ಚಿ ಬಿಟ್ಟು ಓಡಿ ಬಂದರು. ಆಮೇಲೆ ನನ್ನ ಜೇಬಿನಲ್ಲಿ ಟಿಣ್ ಎಂದಿತು.

"ಗುಂಪು ತುಂಬೇತಿ," ಎಂದರು ವೈನಿ ಗಂಡನಿಗೆ, ಇನ್ನೊಂದು ಉಂಡೆ ಹಿಟ್ಟು ಕೈಗೆ ತೆಗೆದುಕೊಳ್ಳುತ್ತ. "ನೀವು ಪಾಳಿ ಹಚ್ಚರಿ."

ಇದೆಲ್ಲ ಆಗಿ ಬಹಳ ವರ್ಷವಾಯಿತು. ಆ ಫ್ಲೆಕ್ಸು ದಂಡವಾಗಬಾರದೆಂದು ವೈನಿ ಪ್ರತಿ ಬೇಸಿಗೆ ಅದನ್ನು ತಾರಸಿಯ ಮೇಲೆ ಹಾಸಿ ಸಂಡಿಗೆ ಒಣಗಿಸುತ್ತಾರೆ, ಗೌರವಾಧ್ಯಕ್ಷರ ಮುಖ ಕೆಳಗೆ ಮಾಡಿ. ವಾಟ್ಸಾಪನ್ನು ಕೊಂಡವರು ಗುಂಪಿನ ಜಾಗ ಹೆಚ್ಚಿಸುತ್ತ ಬಂದರು. ನೂರಾಯಿತು, ಇನ್ನೂರೈವತ್ತು ದಾಟಿತು, ಈಗ ಸಾವಿರಕ್ಕೂ ಮೇಲೆ. ಪರ್ಸನೆಲ್ ವಿಭಾಗದ ಅಧಿಕಾರಿ ನೂರಾದ ದಿನವೇ ಒಳಗೆ ಬಂದರು, ಫೈಲು ಮುಚ್ಚಿತು. ಮಾದಾಪುರದ ಹುಡುಗ ಹುಡುಗಿಯರು ಬಂದರು. ರಾಯಚೂರಿನ ಸೋದರಮಾವ ಕೂಡ ಬಂದರು, ಏಕೆ ಎಂದು ಯಾರಿಗೂ ಗೊತ್ತಿಲ್ಲ. ಗಬ್ಬೂರರು ಮಾತ್ರ ಇನ್ನೂ ಪಾಳಿಯಲ್ಲಿದ್ದಾರೆ. ಸಂಜೆ ಆಯಿತೆಂದರೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಒಳಗೆ ಬನ್ನಿ ಎಂದರೂ ಬರುವುದಿಲ್ಲ.

"ಸಾಹೇಬ್ರ," ಎನ್ನುತ್ತಾರೆ, ದನಿ ತಗ್ಗಿಸಿ. "ನಿಮ್ಮ ಫೋನಿನ್ಯಾಗ ಒಂದೀಟು ನೋಡ್ರಿ. ಇವತ್ತು ನಮ್ಮ ಮನ್ಯಾಗ ಏನು ಪಲ್ಯ?"